ನೌಪಾಡಾದ ಮಾಡಿನ ಮೇಲೆ ಮಂಗಳೂರಿನ ಮುದ್ರೆ

ಠಾಣೆಯ ನೌಪಾಡಾದಲ್ಲಿ ಹಳೆಯ ಮನೆಗಳ ಮಾಡಿಗೆ ಹೊದಿಸಿದ ಕೆಂಪು ಹೆಂಚನ್ನು ಅಲ್ಲಿನ ಮರಾಠಿಯಲ್ಲಿ ‘ಮಂಗಳೂರಿ ಕೌಲ’ ಎಂದೇ ಕರೆಯುತ್ತಾರೆ. ಕುಂಬಾರರು ಮಾಡುತ್ತಿದ್ದ ನಾಡಹೆಂಚಿನ ಮೇಲೆ ಯಾರ ಹೆಸರೂ ಇಲ್ಲ. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರು, ಹಲವು ಸಲ ಇಸವಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಉಬ್ಬಿ ನಿಂತಿರುತ್ತವೆ. ಮನೆ ಕೆಡವಿದಾಗ ಕೆಳಗಿಳಿದ ಹೆಂಚು ಎಲ್ಲಿಯದು, ಯಾವ ಕಾಲದ್ದು ಎಂದು ತಿಳಿಯಲು ಈ ಮುದ್ರೆಯೇ ದೊಡ್ಡ ಆಧಾರ.

ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಆಲ್ಸೇಸ್‌ನಲ್ಲಿ ಜಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದರು. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅದೇ ಬಗೆಯ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಬಳಿ ತೆರೆದರು. ಹದ ಮಾಡಿದ ಜೇಡಿಯನ್ನು ಅಚ್ಚಿಗಿಟ್ಟು ಒತ್ತುವಾಗಲೇ, ಅಚ್ಚಿನಲ್ಲಿ ತಿರುವುಮುರುವಾಗಿ ಕೊರೆದ ಅಕ್ಷರ ಹೆಂಚಿನ ಮೇಲೆ ನೇರವಾಗಿ ಮೂಡುತ್ತಿತ್ತು. ಸುಟ್ಟ ಹೆಂಚು ಹಡಗೇರಿ ಮುಂಬಯಿಯ ಕಡೆಗೆ ಸಾಗಿತು.

ಮುದ್ರೆ ಓದುವವರು ಹೆಚ್ಚಾಗಿ ಎಡವುವುದು ಇಸವಿಯಲ್ಲಿ. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865, ಮಂಗಳೂರಿನ ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹೆಂಚಿನ ಮೇಲಿನ 1868 ಆ ಕಾರ್ಖಾನೆಗಳು ಹುಟ್ಟಿದ ವರ್ಷಗಳು. ಹೆಂಚು ಸುಟ್ಟ ವರ್ಷಗಳಲ್ಲ. ಎಷ್ಟೋ ದಶಕ ಕಳೆದ ಮೇಲೂ ಅದೇ ಅಂಕೆ ಅಚ್ಚಿನಲ್ಲಿ ಉಳಿದಿತ್ತು. ಕಾಲ ಹೇಳುವುದು ಹೆಸರು ಮತ್ತು ಊರು. ಮಿಷನ್ನಿನ ಕಾರ್ಖಾನೆಗಳು ಕುದ್ರೋಳಿ, ಮಲ್ಪೆಗಳಿಂದ ಕೇರಳದ ಕಡೆಗೂ ಹಬ್ಬಿದವು. ಅಲ್ಲಿನ ಫರೋಕಿನದು ಶುರುವಾದದ್ದು 1905ರಲ್ಲಿ. ಹಾಗಾಗಿ ಆ ಊರಿನ ಹೆಸರಿರುವ ಹೆಂಚು ಅದಕ್ಕಿಂತ ಹಳೆಯದಾಗಲಾರದು. ಮೊದಲ ಮಹಾಯುದ್ಧದ ಬಳಿಕ ಈ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು, ಮುದ್ರೆಯೂ ಬದಲಾಯಿತು. ‘ಬಾಸೆಲ್ ಮಿಷನ್’ ಎಂದಿರುವ ಹೆಂಚನ್ನು ಸುಮಾರು 1920ರ ಈಚೆಗೆ ತರುವಂತಿಲ್ಲ.

ಮುದ್ರೆ ಓದಲು, ಹೊಗೆ, ಮಸಿ ಹಿಡಿದ ಹೆಂಚನ್ನು ನೀರಿನಲ್ಲಿ ನೆನೆಸಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಬೇಕು. ತಂತಿ ಬ್ರಷ್ ತಾಗಿದರೆ ಅಕ್ಷರದ ಅಂಚೇ ಹೋಗುತ್ತದೆ. ಒಣಗಿದ ಮೇಲೆ ಓರೆಬೆಳಕಿಗೆ ಹಿಡಿದರೆ ಸವೆದ ಅಕ್ಷರವೂ ನೆರಳು ಚೆಲ್ಲುತ್ತದೆ. ತೆಳುಕಾಗದ ಹೊದಿಸಿ ಇದ್ದಿಲಿನಿಂದ ತಿಕ್ಕಿದರೆ ಮುದ್ರೆ ಕಾಗದಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಮಾಡಿ ಮುದ್ರೆಯನ್ನೇ ಓದಬೇಕು, ಏಕೆಂದರೆ ‘ಮಂಗಳೂರು ಹೆಂಚು’ ಎಂಬುದು ಮಾದರಿಯ ಹೆಸರೂ ಆಗಿಬಿಟ್ಟಿದೆ, ಗುಜರಾತಿನ ಮೋರ್ಬಿಯಲ್ಲೂ ಅದನ್ನು ಮಾಡಿದ್ದಾರೆ. ಆದ್ದರಿಂದ ಆಕಾರ ನೋಡಿ ಊರು ಹೇಳಬಾರದು.

ಮುದ್ರೆಯಿಂದ ಮನೆಯ ವಯಸ್ಸನ್ನು ಹೇಳುವುದು ಇನ್ನೂ ಕಷ್ಟ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಒಡೆದದ್ದನ್ನು ತೆಗೆದು ಸಿಕ್ಕಿದ್ದನ್ನು ಹೊದಿಸುತ್ತಾರೆ. ಬೇರೆ ಮನೆಯಿಂದ ಇಳಿಸಿದ ಹೆಂಚೂ ಹೀಗೆ ಮಾಡು ಏರಿರುತ್ತದೆ. ಒಂದು ಹೆಂಚನ್ನು ನಂಬದೆ ಇಡೀ ಮಾಡಿನ ಮುದ್ರೆಗಳನ್ನು ಎಣಿಸಬೇಕು. ಸಾಮಾನ್ಯವಾಗಿ ಹೆಚ್ಚು ಸಲ ಸಿಗುವ ಹೆಸರು ಮೊದಲ ಹೊದಿಕೆಯದು, ಅಲ್ಲಲ್ಲಿ ಚದುರಿರುವವು ರಿಪೇರಿಯವು.