ಕೆಂಗೇರಿಗೆ ಬಂದ ಬೆನೆಡಿಕ್ಟರ ಮಠ



ಜುಲೈ 11 ಸಂತ ಬೆನೆಡಿಕ್ಟರ ಹಬ್ಬ. ಇಟಲಿಯ ಈ ಸಂತರು ಆರನೆಯ ಶತಮಾನದಲ್ಲಿ ಸನ್ಯಾಸಿಗಳಿಗಾಗಿ ಒಂದು ನಿಯಮವನ್ನು ಬರೆದರು. ಪ್ರಾರ್ಥನೆ, ಕೈದುಡಿಮೆ, ಅತಿಥಿ ಸತ್ಕಾರ ಅದರ ಜೀವಾಳ. ಬಾಗಿಲಿಗೆ ಬಂದವರನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು ಎನ್ನುತ್ತದೆ ಆ ನಿಯಮ. ಬಸವಕಲ್ಯಾಣವಿರುವ ಜಿಲ್ಲೆಯವರಾದ ನಮಗೆ ಇದನ್ನು ಕಾಯಕ, ದಾಸೋಹ ಎಂದರೆ ಬೇಗ ಅರ್ಥವಾಗುತ್ತದೆ.

ಈ ನಿಯಮ ಹಿಡಿದು ಮಧ್ಯಯುಗದ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಎಷ್ಟೋ ಚಿಕ್ಕ ಮಠಗಳು ಹುಟ್ಟಿದವು. 973ರಲ್ಲಿ ಸ್ಥಾಪನೆಯಾದ ಪಾರೆ-ಲೆ-ಮೋನಿಯಾಲ್ ಮಠ ಅವುಗಳಲ್ಲೊಂದು. ಅದೇ ಊರಿನ ಒಂದು ಕನ್ಯಾಮಠದಲ್ಲಿ 17ನೆಯ ಶತಮಾನದಲ್ಲಿ ಸಂತ ಮಾರ್ಗರೇಟ್ ಮೇರಿ ಯೇಸುವಿನ ಪವಿತ್ರ ಹೃದಯದ ದರ್ಶನ ಪಡೆದರು. 1789ರ ಕ್ರಾಂತಿಯ ನಂತರ ಬೆನೆಡಿಕ್ಟರ ಸನ್ಯಾಸಿಗಳು ಅಲ್ಲಿ ಉಳಿಯಲಿಲ್ಲ. ಅವರು ಕಟ್ಟಿದ ದೇವಾಲಯ ಇಂದಿಗೂ ನಿಂತಿದೆ.

ಅದೇ ನಿಯಮ ನಮ್ಮ ಕರ್ನಾಟಕಕ್ಕೂ ಬಂತು. 1955ರಲ್ಲಿ ಇಂಗ್ಲೆಂಡಿನ ಫಾದರ್ ಬೀಡ್ ಗ್ರಿಫಿತ್ಸ್, ಭಾರತೀಯ ಸನ್ಯಾಸಿ ಫಾದರ್ ಬೆನೆಡಿಕ್ಟ್ ಅಲಪಟ್ಟ್ ಅವರೊಡನೆ ಬೆಂಗಳೂರಿನ ಹೊರಗಿದ್ದ ಕೆಂಗೇರಿಯಲ್ಲಿ ನೆಲೆಸಿದರು. ಬಡತನದ ಬಾಳು ಬಾಳಬೇಕೆಂಬುದು ಅವರ ಸಂಕಲ್ಪ. ಕೋಣೆಯಲ್ಲಿದ್ದುದು ಮಂಚ, ಮೇಜು, ಕುರ್ಚಿ ಇಷ್ಟೇ. ಯೂರೋಪಿನವರ ಕಣ್ಣಿಗೆ ಅದು ಬಡತನ. ಆದರೆ ಸುತ್ತಲಿನ ಹಳ್ಳಿಗರ ಮನೆಯಲ್ಲಿ ಮಂಚವೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ತಮ್ಮ ಬಡತನವೇ ನೆರೆಯವರ ಪಾಲಿಗೆ ಸಿರಿತನವೆಂದು ಫಾದರ್ ಗ್ರಿಫಿತ್ಸರಿಗೆ ಅಲ್ಲಿ ಮನವರಿಕೆಯಾಯಿತು.

ಆ ಮಠ ಬೇರೂರಲಿಲ್ಲ. 1958ರಲ್ಲಿ ಅವರು ಫಾದರ್ ಫ್ರಾನ್ಸಿಸ್ ಆಚಾರ್ಯರ ಜೊತೆ ಸೇರಿ ಕೇರಳದ ಬೆಟ್ಟದ ಮೇಲೆ ಕುರಿಶುಮಲ ಆಶ್ರಮ ಕಟ್ಟಿದರು. ಅಲ್ಲಿ ಕಾವಿ ಉಟ್ಟರು, ಬರಿಗಾಲಲ್ಲಿ ನಡೆದರು, ನೆಲದ ಮೇಲೆ ಕೂತು ಉಂಡರು, ಚಾಪೆಯ ಮೇಲೆ ಮಲಗಿದರು. ಹಸು ಸಾಕಿ ಹೈನುಗಾರಿಕೆಯಿಂದ ಜೀವನ ನಡೆಸಿದರು. ಇತ್ತ ಕೆಂಗೇರಿಯ ಬಳಿ 1957ರಲ್ಲಿ ಶುರುವಾದ ಆಶೀರ್ವನಂ ಮಠದಲ್ಲಿ ಬೆನೆಡಿಕ್ಟರ ನಿಯಮ ಮುಂದುವರಿಯಿತು.

ಪ್ರಿಯರೇ, ಮೊದಲ ಮಠ ನಿಲ್ಲದಿದ್ದರೂ ಅದು ವ್ಯರ್ಥವಾಯಿತೆಂದು ನಾವು ಹೇಳಲಾರೆವು. ನೆರೆಯವನ ಹೊಸ್ತಿಲಲ್ಲಿ ನಿಂತು ನಮ್ಮನ್ನು ನಾವು ನೋಡಿಕೊಳ್ಳುವುದನ್ನು ಅದು ಕಲಿಸಿತು. ಇಲ್ಲಿ ಕಮಠಾಣದಲ್ಲಿ ನಮ್ಮ ಜಗುಲಿಯ ಮೇಲೂ ಕುರ್ಚಿಗಳಿವೆ. ಹೊಲದ ಕೆಲಸ ಮುಗಿಸಿ ಬರುವ ಕೆಲವರು, ಕೂರಿ ಎಂದರೂ ಕೂರದೆ ನಿಂತೇ ಮಾತಾಡಿ ಹೋಗುತ್ತಾರೆ. ಅವರು ಏಕೆ ಕೂರುವುದಿಲ್ಲ? ಗುರುಗಳಾದ ನಾವು ಈ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಳ್ಳಬೇಕಾಗಿದೆ. ಪವಿತ್ರ ಹೃದಯದ ಪಟವಿರುವ ಪ್ರತಿ ಮನೆಯೂ ಕೇಳಿಕೊಳ್ಳಲಿ.

ಈ ಹಬ್ಬದ ದಿನ ಅಂಥವರೊಬ್ಬರನ್ನು ಒಳಗೆ ಕರೆದು, ಅವರ ಪಕ್ಕದಲ್ಲೇ ಕೂತು ಊಟ ಮಾಡೋಣ. ಸಂತ ಬೆನೆಡಿಕ್ಟರು ನಮಗಾಗಿ ಪ್ರಾರ್ಥಿಸಲಿ.