ಕೊಳವೆಬಾವಿಯಲ್ಲಿ ಶಬ್ದತರಂಗ ಪರೀಕ್ಷೆ ಮತ್ತು ಶಿಲೆಯ ಪಾರಗಮ್ಯತೆ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳ ಕೆಳಗಿರುವುದು ಮುಖ್ಯವಾಗಿ ನೈಸ್, ಗ್ರಾನೈಟ್ ಮತ್ತು ಶಿಸ್ಟ್ ಗಟ್ಟಿಶಿಲೆಗಳು. ಇಲ್ಲಿ ಅಂತರ್ಜಲವು ಶಿಥಿಲಗೊಂಡ ಮೇಲ್ಪದರದಲ್ಲಿಯೂ ಅದರ ಕೆಳಗಿನ ಬಿರುಕುಗಳಲ್ಲಿಯೂ ಸಂಗ್ರಹವಾಗಿರುತ್ತದೆ. ಆದ್ದರಿಂದ ಆಳ ಹೆಚ್ಚಿದಷ್ಟೂ ನೀರು ಹೆಚ್ಚುವುದೆಂದು ಭಾವಿಸಬಾರದು.

ಪರೀಕ್ಷೆಯ ತತ್ತ್ವ:
ಕೊಳವೆಬಾವಿಯ ನೀರಿನೊಳಗೆ ಇಳಿಬಿಟ್ಟ ಉಪಕರಣವು ಶಬ್ದತರಂಗಗಳನ್ನು ಹೊರಡಿಸುತ್ತದೆ. ಅವುಗಳಲ್ಲಿ ಬಾವಿಯ ಗೋಡೆಯಗುಂಟ ಸಾಗುವುದು ಸ್ಟೋನ್ಲಿ ತರಂಗ. ಇದು ತೆರೆದ ಬಿರುಕನ್ನು ತಲುಪಿದಾಗ ಒತ್ತಡದಿಂದ ನೀರು ಬಿರುಕಿನೊಳಕ್ಕೆ ಹೊಕ್ಕು, ತರಂಗದ ಶಕ್ತಿ ಕುಂದುತ್ತದೆ. ಒಂದು ಭಾಗ ಪ್ರತಿಫಲಿಸುತ್ತದೆ. ನೀರು ಹಾಯುವ ಗುಣ, ಅಂದರೆ ಪಾರಗಮ್ಯತೆ, ಹೆಚ್ಚಿದಷ್ಟೂ ಈ ಕುಂದುವಿಕೆ ಹೆಚ್ಚು. ಮುಚ್ಚಿದ ಬಿರುಕಿನಲ್ಲಿ ಅದು ಅತ್ಯಲ್ಪ.

ಮಿತಿಗಳು:
1. ಕೊರೆದ ಬಾವಿಯಲ್ಲಿ, ನೀರಿನ ಮಟ್ಟದ ಕೆಳಗೆ, ಕೇಸಿಂಗ್ ಪೈಪ್ ಇಲ್ಲದ ಭಾಗಕ್ಕೆ ಮಾತ್ರ ಈ ವಿಧಾನ ಸೂಕ್ತ.
2. ಗೋಡೆ ಕುಸಿದು ಅಗಲವಾದ ಕಡೆಯೂ ತರಂಗ ಪ್ರತಿಫಲಿಸುವುದರಿಂದ ಬಾವಿಯ ವ್ಯಾಸವನ್ನೂ ಅಳೆಯಬೇಕು.
3. ನೀರಿನ ಇಳುವರಿಯನ್ನು ಪಂಪ್ ಪರೀಕ್ಷೆಯಿಂದಲೇ ನಿರ್ಧರಿಸಬೇಕು.

ಅರ್ಜಿದಾರರ ಗಮನಕ್ಕೆ:
ಹೊಸ ಬಾವಿಯ ಸ್ಥಳ ಆಯ್ಕೆಗೆ ನೆಲದ ಮೇಲಿನಿಂದ ನಡೆಸುವ ವಿದ್ಯುತ್ ನಿರೋಧಕತೆ ಸಮೀಕ್ಷೆ ಉಪಯುಕ್ತ. ಇರುವ ಬಾವಿಯಲ್ಲಿ ನೀರು ಯಾವ ಆಳದ ಬಿರುಕಿನಿಂದ ಬರಬಲ್ಲದೆಂದು ತಿಳಿಯಲು ಶಬ್ದತರಂಗ ಪರೀಕ್ಷೆ ನೆರವಾಗುತ್ತದೆ. ಕೊರೆಯದ ಆಳದ ಬಗ್ಗೆ ಅದು ಭರವಸೆ ನೀಡದು. 2011ರ ಕರ್ನಾಟಕ ಅಂತರ್ಜಲ ಅಧಿನಿಯಮದನ್ವಯ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯುವ ಮುನ್ನ ಅನುಮತಿ ಪಡೆಯತಕ್ಕದ್ದು.