ಭಂಡಾರಿಯ ಲೆಕ್ಕ, ಕಳ್ಳನ ಜಾಡು

ಕೃಷ್ಣೆ, ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಹೋದವರು ಬಸವಣ್ಣನವರ ಐಕ್ಯಮಂಟಪಕ್ಕೆ ಕೈಮುಗಿದು ಬರುತ್ತಾರೆ. ಇಲ್ಲಿ ಓದಿ ಬೆಳೆದ ಅವರು ಮುಂದೆ ಹಿಡಿದ ಕಾಯಕ ಲೆಕ್ಕಪತ್ರದ್ದು ಎಂಬುದನ್ನು ನೆನೆಯುವವರು ಕಡಿಮೆ. ಮಂಗಳವಾಡದಲ್ಲಿ ಕರಣಿಕರಾಗಿದ್ದ ಅವರು ಬಳಿಕ ಬಿಜ್ಜಳನ ಭಂಡಾರಿಯಾದರು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ಕೊಂಡೆಯದವರು ದೂರಿದರೆಂದೂ, ಅರಸ ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆ ಇರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪವಾಡದ ಮಾತು ಹಾಗಿರಲಿ. ಬೊಕ್ಕಸಕ್ಕೆ ಕನ್ನ ಬಿದ್ದಿದೆಯೇ ಎಂದು ತಿಳಿಯಲು ಬೀಗ ನೋಡಿದರೆ ಸಾಲದು, ಲೆಕ್ಕ ನೋಡಬೇಕು ಎಂಬ ವಿವೇಕ ಆ ಕಥೆಯಲ್ಲಿದೆ.

ಇಂದಿನ ಬೊಕ್ಕಸ ಕಂಪ್ಯೂಟರಿನೊಳಗಿದೆ. ಅದನ್ನು ಕಾಯುವವರೂ ಅರಸರ ಬೇಹಿನವರಂತೆ ಶತ್ರುವಿನ ಸುಳಿವನ್ನು ಮೊದಲೇ ಕಲೆಹಾಕುತ್ತಾರೆ. ಆದರೆ ಬಹುಕಾಲ ಅವರ ಗಮನವೆಲ್ಲ ಬೀಗದ ಮೇಲೆಯೇ ಇತ್ತು: ಯಾವ ವೈರಸ್ ಬಂತು, ಯಾವ ವಿಳಾಸದಿಂದ ಬಂತು? ಕಳ್ಳ ಇವನ್ನು ರಾತ್ರೋರಾತ್ರಿ ಬದಲಿಸಬಲ್ಲ. ಕದ್ದ ಹಣವನ್ನು ಕೈಗೆ ತಂದುಕೊಳ್ಳುವ ದಾರಿಯನ್ನು ಮಾತ್ರ ಅಷ್ಟು ಸುಲಭವಾಗಿ ಬದಲಿಸಲಾರ.

2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರುಗಳಿಗೆ ನುಗ್ಗಿದವರು ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ಸಾಗಿಸಲು ಆದೇಶ ಕಳುಹಿಸಿದರು. ಹೆಚ್ಚಿನವು ತಡೆಯಲ್ಪಟ್ಟರೂ 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸ್ ತಲುಪಿ, ಬಹುಪಾಲು ಜೂಜುಕಟ್ಟೆಗಳಲ್ಲಿ ಕರಗಿತು. ಹಣ ಸೇರಿದ ಖಾತೆಗಳನ್ನು 2015ರ ಮೇ ತಿಂಗಳಲ್ಲೇ ಸುಳ್ಳು ಹೆಸರಿನಲ್ಲಿ, ತಲಾ 500 ಡಾಲರ್ ಇಟ್ಟು ತೆರೆಯಲಾಗಿತ್ತು. ಒಂಬತ್ತು ತಿಂಗಳು ಅವು ಸುಮ್ಮನೆ ಬಿದ್ದಿದ್ದವು. ಕಂಪ್ಯೂಟರ್ ಬಲ್ಲವನಿಗೆ ಅದರಲ್ಲಿ ವಿಶೇಷವೇನೂ ಕಾಣದು. ಹಣದ ಕಳ್ಳತನ ಬಲ್ಲವನಿಗೆ ಅದು ಕನ್ನಕ್ಕೆ ಮುಂಚೆ ಕಟ್ಟಿದ ಗಂಟುಮೂಟೆ.

ನಮ್ಮ ನೆರೆಯಲ್ಲೂ ಇಂಥದು ನಡೆದಿದೆ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕ್ 94 ಕೋಟಿ ರೂಪಾಯಿ ಕಳೆದುಕೊಂಡಿತು. ಕನ್ನ ಕೊರೆದವರು ತೆರೆಮರೆಯಲ್ಲಿದ್ದರು. ನಕಲಿ ಕಾರ್ಡು ಹಿಡಿದು 28 ದೇಶಗಳ ಎಟಿಎಂಗಳ ಮುಂದೆ ನಿಂತವರು ಬೇರೆಯವರು. ನಮ್ಮ ಗಡಿಯಾಚೆಯ ಕೊಲ್ಹಾಪುರದ ಎಟಿಎಂಗಳಿಂದಲೂ ಹಣ ಹೋಯಿತು. ಪೊಲೀಸರ ಕೈಗೆ ಮೊದಲು ಸಿಕ್ಕ ಎಳೆ ಈ ನೋಟು ತೆಗೆದವರದೇ.

ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳಿಗೆ ಒಂದೇ ಸೂರಿನಡಿ ಸಿಇಎನ್ ಠಾಣೆಗಳನ್ನು ತೆರೆದುದರ ಹಿಂದೆ ಇದೇ ಅರಿವನ್ನು ಕಾಣಬಹುದು. ಬಾಗಲಕೋಟೆಗೂ ಅಂಥ ಠಾಣೆ ಬಂತು. ವಂಚನೆಗೊಳಗಾದವರು 1930ಕ್ಕೆ ತಡಮಾಡದೆ ಕರೆ ಮಾಡಿದರೆ ಹಣವನ್ನು ನಡುದಾರಿಯಲ್ಲೇ ತಡೆಯುವ ಅವಕಾಶವಿದೆ. ಪ್ರತಿ ದೂರೂ ಕಳ್ಳನ ಮತ್ತೊಂದು ಖಾತೆಯ ಗುರುತು ಕೊಡುತ್ತದೆ.

ಆದ್ದರಿಂದ ಇದು ಕೇವಲ ತಜ್ಞರ ವಿದ್ಯೆಯಲ್ಲ. ಇಳಕಲ್ಲಿನ ನೇಕಾರನ ಮನೆಗೆ ಬಂದು, “ನಾಲ್ಕು ದಿನ ನಿಮ್ಮ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಡ್ರಿ, ಐದು ಸಾವಿರ ಕೊಡ್ತೀನಿ” ಎನ್ನುವವನು ಎಲ್ಲೋ ಬೀಳಲಿರುವ ಕನ್ನದ ಮುಂಗಡ ಸುದ್ದಿಯನ್ನು ಹೊತ್ತು ತಂದಿರಬಹುದು. ಅವನಿಗೆ ಇಲ್ಲವೆಂದು, ಠಾಣೆಗೆ ತಿಳಿಸುವ ನೇಕಾರನೂ ಭಂಡಾರ ಕಾಯುವವನೇ.